ಅಮ್ಮ ನೆಟ್ಟ ಡೇಲಿಯಾ

2017ರ ಬೇಸಿಗೆಯಲ್ಲಿ ಉಡುಪಿಯಿಂದ ವಿದೇಶಕ್ಕೆ, ನನ್ನ ಬಳಿಗೆ ಬಂದಿದ್ದ ಅಮ್ಮ ಮಾರ್ಕಮ್ ಊರಿನ ನಮ್ಮ ಮನೆಯ ಮುಂದೆ ಒಂದು ಪಾತಿ ಮಾಡಿ ಡೇಲಿಯಾ ನೆಟ್ಟಿದ್ದಳು. ಊರಿಗೆ ಮರಳಿದ ತಿಂಗಳೊಳಗೆ ಹೃದಯಾಘಾತದಿಂದ ತೀರಿಕೊಂಡಳು. ಆಮೇಲೆ ಆ ಗಿಡಗಳಿಂದ ಒಂದು ಹೂವನ್ನೂ ಕೀಳಲು ನನಗೆ ಮನಸ್ಸು ಬರಲಿಲ್ಲ.

ಅದೇ ವರ್ಷ ಅಕ್ಟೋಬರಿನ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ಪಕ್ಕದ ಮನೆಯ ಇಟಾಲಿಯನ್ ಅಜ್ಜಿ ನಮ್ಮ ಪಾತಿಯಲ್ಲಿ ಮಂಡಿಯೂರಿ ಡೇಲಿಯಾಗಳನ್ನು ಕತ್ತರಿಸುತ್ತಿದ್ದಳು. ನಾನು ಬರಿಗಾಲಲ್ಲೇ ಓಡಿದೆ.

"ಮುಟ್ಟಬೇಡಿ! ಅದು ನನ್ನ ಅಮ್ಮ ನೆಟ್ಟಿದ್ದು!" ಎಂದು ಇಂಗ್ಲಿಷಿನಲ್ಲಿ ಕಿರುಚಿದೆ.

ಅಜ್ಜಿ ಕರಕಾದ ಎಲೆಯೊಂದನ್ನು ತೋರಿಸಿದಳು. "ನಿನ್ನೆ ರಾತ್ರಿ ಫ್ರಾಸ್ಟು ಬಿತ್ತು, ಇಬ್ಬನಿಯೇ ಹೆಪ್ಪುಗಟ್ಟಿತು, ಮಗಳೇ. ಇನ್ನು ನೆಲ ಕಲ್ಲಾಗುತ್ತೆ. ಕಾಂಡ ಕತ್ತರಿಸಿ ಗೆಡ್ಡೆಗಳನ್ನು ಅಗೆದು ತೆಗೆಯಬೇಕು; ಒಳಗೇ ಬಿಟ್ಟರೆ ಸತ್ತುಹೋಗುತ್ತವೆ. ಹೊರಡುವ ದಿನ ನಿನ್ನ ಅಮ್ಮ ನನ್ನ ಕೈ ಹಿಡಿದು ಇವನ್ನೇ ತೋರಿಸಿ ಏನೋ ಹೇಳಿದಳು."

ಅಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. "ಏನು ಹೇಳಿದಳು?" ಎಂದು ಕೇಳಿದೆ.

"ಒಂದು ಮಾತೂ ಅರ್ಥವಾಗಲಿಲ್ಲ. ನೋಡಿಕೋ ಅಂತಲೇ ಹೇಳಿರಬೇಕು."

ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಇಬ್ಬರೂ ಗೆಡ್ಡೆಗಳನ್ನು ಅಗೆದು, ಮರದ ಹೊಟ್ಟು ತುಂಬಿದ ಡಬ್ಬದಲ್ಲಿ ಮುಚ್ಚಿ, ಅವಳ ತಣ್ಣನೆಯ ಬೇಸ್‌ಮೆಂಟಿನಲ್ಲಿ ಇಟ್ಟೆವು. ಮೇ ತಿಂಗಳಲ್ಲಿ ಡಬ್ಬ ತೆರೆದಾಗ ಗೆಡ್ಡೆಗಳ ತುದಿಯಲ್ಲಿ ಮೊಳಕೆ ಬಂದಿತ್ತು. ನಾನು ಅಜ್ಜಿಯನ್ನು ತಬ್ಬಿಕೊಂಡೆ.

ಅವಳು ಎರಡು ದಪ್ಪ ಗೆಡ್ಡೆ ಆರಿಸಿ ಏಪ್ರನ್ನಿನ ಜೇಬಿಗೆ ಇಳಿಸಿ, "ಇದು ಬಾಡಿಗೆ" ಎಂದಳು. ಬೇಸ್‌ಮೆಂಟನ್ನೂ ದುಬಾರಿ ಬಾಡಿಗೆಗೆ ಕೊಡುವ ಈ ಊರಿನಲ್ಲಿ ಇಷ್ಟು ಅಗ್ಗದ್ದು ಇನ್ಯಾರಿಗೂ ಸಿಕ್ಕಿರಲಾರದು.