ಒರತೆಗೆ ಪಂಪ್ ಇಟ್ಟ ಬೇಸಿಗೆ

ಅರಕಲಗೂಡು ಕಡೆಯ ನಮ್ಮೂರಿನ ಹೊಳೆಗೆ ಮಳೆ ಬಿಟ್ಟರೆ ಬೇರೆ ಆಧಾರವಿಲ್ಲ. ಮಳೆಗಾಲದಲ್ಲಿ ದಾಟಲು ಬಿಡದ ಹೊಳೆ ಯುಗಾದಿ ಹೊತ್ತಿಗೆ ಬರೀ ಮರಳು. ನೀರು ಪೂರ್ತಿ ಹೋಗಿರುವುದಿಲ್ಲ, ಕೆಳಗಿಳಿದಿರುತ್ತದೆ. ಸೊಂಟದಾಳ ತೋಡಿದರೆ ಒರತೆ ಒಸರುತ್ತದೆ. ಅದನ್ನೇ ನಂಬಿ ನಮ್ಮವರು ಹೊಗೆಸೊಪ್ಪಿನ ಸಸಿ ಮಡಿಗಳನ್ನು ಹೊಳೆದಂಡೆಯಲ್ಲಿ ಮಾಡುತ್ತಾರೆ.

ಆ ಬೇಸಿಗೆ ನಾನು ಹಾಸನದ ಪತ್ರಿಕಾ ಕಚೇರಿಗೆ ರಜೆ ಹಾಕಿ ಊರಿಗೆ ಹೋದಾಗ ಅತ್ತಿಗೆಯ ಮಡಿಗಳು ಬಾಡತೊಡಗಿದ್ದವು. ಮತ್ತೆ ಬೀಜ ಚೆಲ್ಲುವ ಕಾಲ ಮುಗಿದಿತ್ತು. ಈ ಸಸಿ ಸತ್ತರೆ ಹೊಲ ಆ ವರ್ಷ ಖಾಲಿ. ಬಿಂದಿಗೆಯಲ್ಲಿ ಹೊತ್ತು ಹಾಕಿದ್ದು ಸಾಲದೆಂದು ಅಣ್ಣ ಡೀಸೆಲ್ ಪಂಪ್ ತಂದು ಒರತೆ ಗುಂಡಿಗೆ ಪೈಪ್ ಇಳಿಸಿದ. ಮೊದಲು ನೀರು ರಭಸದಿಂದ ಬಂತು, ಆಮೇಲೆ ಬಗ್ಗಡವಾಯಿತು, ಕೊನೆಗೆ ಗುಂಡಿಯ ಬದಿ ಕುಸಿದು ಪೈಪೇ ಹೂತುಹೋಯಿತು. ಒರತೆ ಒಸರುವುದಕ್ಕಿಂತ ಬೇಗ ಎಳೆದರೆ ಮರಳೇ ಬರುವುದು. ಅದು ಅಣ್ಣನಿಗೂ ಗೊತ್ತಿದ್ದದ್ದೇ. ಆದರೆ ಬಾಡಿದ ಎಲೆ ನೋಡುತ್ತ ನಿಂತವನಿಗೆ ತಾಳ್ಮೆ ಉಳಿದಿರಲಿಲ್ಲ.

ಅತ್ತಿಗೆ ಗಂಡನ ಕಡೆ ತಿರುಗದೆ ನನಗೆ ಹೇಳಿದರು: "ಪೇಪರ್‌ನಾಗೆ ಬರ್ದುಬುಡಪ್ಪ, ನಿಮ್ಮಣ್ಣ ಒಂದೇ ಗುಟುಕಿಗೆ ಒಳೇನೇ ಕುಡ್ದುಬುಟ್ಟ ಅಂತ."

"ಬರಿಯೋದು ಆಮ್ಯಾಕೆ. ಸನಿಕೆ ತಗೊಂಡ್ ಬಾರ್ಲಾ," ಎಂದ ಅಣ್ಣ.

ಸ್ವಲ್ಪ ಮೇಲಕ್ಕೆ ಹೋಗಿ ಇನ್ನೊಂದು ಗುಂಡಿ ತೋಡಿದೆವು. ಬದಿ ಜಾರದಂತೆ ತಳ ಕಿತ್ತ ಹಳೆಯ ಬಿದಿರು ಕುಕ್ಕೆಯನ್ನು ಇಳಿಸಿದೆವು. ಅತ್ತಿಗೆ ಚೊಂಬಿನಲ್ಲಿ ಮೊಗೆಯುವುದು, ನಿಲ್ಲಿಸುವುದು, ನೀರು ಕೂಡಿದ ಮೇಲೆ ಮತ್ತೆ ಮೊಗೆಯುವುದು. ಅಣ್ಣನೂ ನಾನೂ ಹೊರುವುದು. ರಜೆ ಮುಗಿಯುವವರೆಗೂ ನನಗೆ ಬೇರೆ ಕೆಲಸವಿರಲಿಲ್ಲ. ಸುಟ್ಟುಹೋದ ಕೆಲವು ಸಸಿ ಬಿಟ್ಟರೆ ಮಡಿಗಳು ಚೇತರಿಸಿಕೊಂಡವು.

ಮೊದಲ ಮಳೆಗೆ ಸಸಿ ಕಿತ್ತು ಹೊಲಕ್ಕೆ ನೆಟ್ಟರು. ಆ ಮಳೆಗೆ ಹೊಳೆಯೇನೂ ಹರಿಯಲಿಲ್ಲ. ನಮ್ಮೂರಲ್ಲಿ ಬಿದ್ದದ್ದನ್ನೆಲ್ಲ ಮರಳು ಕುಡಿದುಬಿಡುತ್ತದೆ. ಆಕಾಶ ಮತ್ತೆ ಬಿಳಿಚಿಕೊಂಡಿತು. ಮುಂದಿನ ಭಾನುವಾರ ನಾನು ಹಾಸನದಿಂದ ಹೋದಾಗ ಅಣ್ಣ, ಇನ್ನು ದೇವರಿಟ್ಟ ಹಾಗಾಗಲಿ ಎಂದು ಕೂತಿದ್ದ. ಅತ್ತಿಗೆ ಬಿಂದಿಗೆ ಎತ್ತಿಕೊಂಡರು.

"ಬೇರು ಕಚ್ಚೋಗಂಟ ನಮ್ ಕೆಲ್ಸ ಮುಗಿಯಾಕಿಲ್ಲ. ಏಳಿ."

ಅಣ್ಣ ಎದ್ದ. ಹೊಳೆಯಿಂದ ಹೊಲಕ್ಕೆ, ಒಂದೊಂದು ಬುಡಕ್ಕೆ ಒಂದೊಂದು ಚೊಂಬು.

ನೆಟ್ಟ ಸಸಿ ಹೊಸ ಎಲೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೊಳೆ ಬಂತು. ಊರಲ್ಲಿ ಹನಿ ಬಿದ್ದಿರಲಿಲ್ಲ. ಪಡುವಲ ಬೆಟ್ಟಗಳಲ್ಲಿ ಸುರಿದ ನೀರು ಅದು. ಊರವರೆಲ್ಲ ದಂಡೆಯಲ್ಲಿ ಸೇರಿದ್ದರು. ಅತ್ತಿಗೆ ಬರಲಿಲ್ಲ. ಹೊಲದಲ್ಲಿ ಕಳೆ ಕೀಳುವುದಿತ್ತು.