ಯಾಲಕ್ಕಿ ಕೊಟ್ಟು ಕರೆಯುವ ಸೈದಾಬಿ

ಹಾವೇರಿಯ ನಮ್ಮ ಓಣಿಯ ಮುಸಲ್ಮಾನರ ಮನೆಗಳಲ್ಲಿ ಮದುವೆ ಗೊತ್ತಾದರೆ, ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಸೈದಾಬಿಯವರಿಗೆ ಸುದ್ದಿ ಮುಟ್ಟುತ್ತದೆ. ಬಂಧುಬಳಗದ ಹೆಂಗಸರನ್ನು ಕರೆದು ಬರುವ ಕೆಲಸ ಅವರದು. ವಯಸ್ಸು ಅರವತ್ತೆಂಟು. ಬಟ್ಟೆಯ ಚೀಲದಲ್ಲಿ ಯಾಲಕ್ಕಿ ತುಂಬಿಕೊಂಡು ಹೊರಡುತ್ತಾರೆ. ಮನೆಯ ಹಿರಿಯ ಹೆಂಗಸಿನ ಅಂಗೈಯಲ್ಲಿ ಒಂದು ಯಾಲಕ್ಕಿ ಇಟ್ಟು ಮದುವೆಯ ದಿನವನ್ನು ಹೇಳುತ್ತಾರೆ. ಯಾಲಕ್ಕಿ ಬಾರದಿದ್ದರೆ, ಪತ್ರಿಕೆ ಬಂದರೂ ಕರೆ ಬಂದಿಲ್ಲವೆಂದೇ ಲೆಕ್ಕ.

ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಆ ಸಲಿಗೆಯಿಂದ ಆಗಾಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಾರೆ. ಹೊಸ್ತಿಲಲ್ಲಿ ನಿಂತು ಅವರು ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದವಳು ಸೊಸೆಯಾದರೆ, ಅತ್ತೆ ನಮಾಜು ಮುಗಿಸಿ ಬರುವವರೆಗೆ ಕಾಯುತ್ತಾರೆ. ಊಟಕ್ಕೆ ಬನ್ನಿ ಎಂದು ಎಂದೂ ಹೇಳುವುದಿಲ್ಲ.

"ಅವರೇನು ಊಟ ಕಾಣದ ಮಂದ್ಯಾನ್ರಿ ಸರ್? ಬಂದು ನಿಂತು ಕಾರ್ಯಾ ಮಾಡಿಕೊಡ್ರಿ ಅನ್ನಬೇಕು."

ಕೊನೆಗೆ ದನಿ ತಗ್ಗಿಸಿ, "ನಿಮ್ಮ ಮನೀನ ಮೊದಲ್ನೇದು ನೋಡ್ರಿ" ಎಂದು ಸೇರಿಸುತ್ತಾರೆ. ಇದನ್ನು ಪ್ರತಿಯೊಂದು ಮನೆಯಲ್ಲಿಯೂ ಹೇಳುತ್ತಾರೆ. ಈ ಸುಳ್ಳನ್ನು ಯಾರೂ ಹಿಡಿದಿಲ್ಲವೇ ಎಂದು ಕೇಳಿದೆ. ಒಮ್ಮೆ ಹಿಡಿದರು ಎಂದರು.

ಅದು ಹೋದ ಚಳಿಗಾಲದ ಮಾತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಖಲಂದರ ಅವರ ಮಗಳು ಹೀನಾಳ ಮದುವೆ. ಖಲಂದರರ ಅಕ್ಕ ಆಯಿಶಾ ಇರುವುದು ರಾಣೇಬೆನ್ನೂರಿನಲ್ಲಿ. ಮೊದಲ ಯಾಲಕ್ಕಿ ಮದುಮಗಳ ಸೋದರತ್ತೆಗೆ ಸಲ್ಲಬೇಕು; ಅದನ್ನು ತಮ್ಮನೇ ಒಯ್ದು ಕೊಡಬೇಕು. ಸುಗ್ಗಿಯ ಗಡಿಬಿಡಿಯಲ್ಲಿದ್ದ ಖಲಂದರ ಪತ್ರಿಕೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿ, ಅಕ್ಕನೂ ಅದರಲ್ಲಿದ್ದಾಳಲ್ಲ ಎಂದುಕೊಂಡರು. ಅವರು ಯಾಲಕ್ಕಿ ಒಯ್ದು ಕೊಟ್ಟಿದ್ದಾರೆಂದೇ ತಿಳಿದ ಸೈದಾಬಿ ಉಳಿದ ಮನೆಗಳನ್ನು ಕರೆಯುತ್ತ ಹೊರಟಿದ್ದರು. ಆಯಿಶಾ ಅಂದೇ ಗುಂಪು ಬಿಟ್ಟರು. ಇತ್ತ ಅವರಿಬ್ಬರ ತಾಯಿ, ಎಂಬತ್ತು ದಾಟಿದ ಮುದುಕಿ, ಮಗಳು ಬಾರದೆ ತಾನು ಮೊಮ್ಮಗಳಿಗೆ ಅರಿಶಿನ ಹಚ್ಚುವುದಿಲ್ಲವೆಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅರಿಶಿನಕ್ಕೆ ಐದೇ ದಿನ ಉಳಿದಿತ್ತು.

"ಖಾಲಾ, ನೀವ ಹೋಗಿ ಬರ್ರಿ. ನಿಮ್ಮ ಮಾತಿಗೆ ಎಂಥಾವರೂ ಕರಗತಾರ" ಎಂದು ಖಲಂದರ ಸೈದಾಬಿಯವರಿಗೆ ಹೇಳಿದರು.

"ಆ ಮಾತಿಗೆ ಮೊದಲು ನಾನ ಕರಗಿದೆ ನೋಡ್ರಿ" ಎಂದು ಸೈದಾಬಿ ನನ್ನೆದುರು ಒಪ್ಪಿಕೊಂಡರು.

ರಾಣೇಬೆನ್ನೂರಿನಲ್ಲಿ ಮಾತೆಲ್ಲ ಉರ್ದುವಿನಲ್ಲಿ ನಡೆಯಿತು. ನನಗೆ ಹೇಳಿದ್ದು ಕನ್ನಡದಲ್ಲಿ. ಆಯಿಶಾ ಚಹಾ ಕೊಟ್ಟರು. ಸೈದಾಬಿ ಯಾಲಕ್ಕಿ ತೆಗೆದು, ಹೇಳುವುದನ್ನೆಲ್ಲ ಹೇಳಿ, ರೂಢಿಯ ಬಲದಿಂದ ಮೊದಲನೆಯ ಮನೆಯ ಮಾತನ್ನೂ ಆಡಿಬಿಟ್ಟರು. ಆಯಿಶಾ ಕೈ ಚಾಚಲಿಲ್ಲ. ಚೀಲವನ್ನೆತ್ತಿ ತೂಗಿ ನೋಡಿದರು.

"ಅರ್ಧ ಚೀಲ ಖಾಲಿ ಆಗೇತಿ. ಬಸ್ಸಿನ ಕಂಡಕ್ಟರಗೂ ಯಾಲಕ್ಕಿ ಕೊಟ್ಟು ಬಂದೀರೇನ ಖಾಲಾ?"

"ಸುಳ್ಳು ಹೇಳಿದೆ ಬೇಟಿ. ನಿಂದು ನಲವತ್ತಮೂರನೇ ಮನಿ."

"ಮೊದಲ್ನೇದು ಯಾರದು?"

"ಕರ್ಜಗಿ ಇಸ್ಮಾಯಿಲಸಾಬರದು."

"ಅವರು ಹೀನಾಗ ಏನಾಗಬೇಕು?"

"ಏನೂ ಆಗಬೇಕಿಲ್ಲ. ಬಸ್ಸು ಮೊದಲ ಆ ಕಡೆ ಸಿಕ್ತು."

ಆಯಿಶಾ ನಕ್ಕರು. ಆದರೂ ಕೈ ಚಾಚಲಿಲ್ಲ. ಸೈದಾಬಿ ಯಾಲಕ್ಕಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ನಾನು ನಿನ್ನ ಕರದಿಲ್ಲ ಅಂತ ತಿಳಕೋ. ಚಹಾ ಕುಡ್ಯಾಕ ಬಂದಿದ್ದೆ."

ಮರುದಿನ ಬೆಳಿಗ್ಗೆ ಅವರು ಬ್ಯಾಡಗಿಯ ಅಂಗಡಿಗೆ ಹೋದರು. ಹಮಾಲರ ಎದುರಿಗೇ ಖಲಂದರ ಸಿಡುಕಿದರು.

"ನಲವತ್ತೆರಡು ಮನಿ ಕರದವರಿಗೆ ಇದೊಂದು ಆಗಲಿಲ್ಲಾ?"

"ಆಗಲಿಲ್ಲಪಾ. ನೀ ಹೋಗಬೇಕು."

"ಸುಗ್ಗ್ಯಾಗ ಅಂಗಡಿ ಬಿಟ್ಟು ಹ್ಯಾಂಗ ಹೋಗ್ಲಿ?"

"ಅಂಗಡ್ಯಾಗ ನಾ ಕುಂದರತೇನಿ. ಹೇಣ್ತೀನ್ನೂ ಕರಕೊಂಡು ಹೋಗು."

ಹಮಾಲರು ಮುಖ ತಿರುಗಿಸಿ ನಗುತ್ತಿದ್ದರು. ಖಲಂದರ ಸೈದಾಬಿ ಕೊಟ್ಟ ಯಾಲಕ್ಕಿಯನ್ನು ಕಿಸೆಗೆ ಹಾಕಿಕೊಂಡು ಹೊರಟರು. ಅವರು ತಿರುಗಿ ಬರುವವರೆಗೆ ಸೈದಾಬಿ ಮೆಣಸಿನಕಾಯಿಯ ಘಾಟಿನಲ್ಲಿ ಸೀನುತ್ತ ಗಾದಿಯ ಮೇಲೆ ಕುಳಿತಿದ್ದರು. ಅಲ್ಲಿ ಏನು ಮಾತಾಯಿತೆಂದು ಅವರು ಕೇಳಲಿಲ್ಲ; ಖಲಂದರರೂ ಹೇಳಲಿಲ್ಲ.

ಅರಿಶಿನದ ದಿನ ಆಯಿಶಾ ಬಂದರು. ತಮ್ಮನೊಡನೆ ಮಾತಿಲ್ಲ, ಬೇಕಾದುದನ್ನೆಲ್ಲ "ನಿಮ್ಮಪ್ಪಗ ಹೇಳು" ಎಂದು ಹೀನಾಳ ಮೂಲಕ ತರಿಸಿಕೊಂಡರು. ಆಮೇಲೆ ತಾಯಿಯನ್ನು ಎಬ್ಬಿಸಿ, ಮುಖ ಒರೆಸಿ, ಅರಿಶಿನದ ಬಟ್ಟಲನ್ನು ಕೈಗೆ ಕೊಟ್ಟರು. ಮುದುಕಿ ಹೀನಾಳ ಎರಡೂ ಕೆನ್ನೆಗೆ ಹಚ್ಚಿದರು. ಖಲಂದರ ಬಾಗಿಲ ಹೊರಗೆ ನಿಂತು ನೋಡುತ್ತಿದ್ದರು.