ಮಲ್ಲಕ್ಕನ ಹಳೆ ಸೀರೆ ತುಂಡುಗಳು

ಬೆಳಗಿನ ಜಾವ ಐದೂವರೆ. ಹೊಳಲ್ಕೆರೆ ತಾಲ್ಲೂಕಿನ ಸಣ್ಣ ಆಸ್ಪತ್ರೆಯೊಂದರ ಹೆರಿಗೆ ಕೋಣೆಯ ಬಾಗಿಲಲ್ಲಿ ಆಯಾ ಮಲ್ಲಕ್ಕ ಹಳೆ ಸೀರೆಯ ತುಂಡುಗಳನ್ನು ಮಡಚಿ ಎಡತೋಳಿನ ಮೇಲೆ ಪೇರಿಸಿಕೊಳ್ಳುತ್ತಿದ್ದಾರೆ. ಒಳಗೆ ಒಬ್ಬ ಹೆಣ್ಣುಮಗಳು ನೋವು ತಿನ್ನುತ್ತಿದ್ದಾಳೆ. ಪತ್ರಿಕೆಗೆ ಬರೆಯಲು ಬಂದ ನಾನು ಪರದೆಯ ಈಚೆ ಸ್ಟೂಲಿನ ಮೇಲೆ ಕೂತಿದ್ದೇನೆ. ಒಳಗೆ ಬರಬಾರದು, ಇಣುಕಬಾರದು ಎಂಬುದು ಮಲ್ಲಕ್ಕ ಹಾಕಿರುವ ಷರತ್ತು. ಇಣುಕುವ ಧೈರ್ಯವೂ ನನಗಿಲ್ಲ.

ಮಗು ಬರುತ್ತಿಲ್ಲ. ನೋವು ಬಂದಾಗ ಉಸಿರು ಕಟ್ಟಿ ಕೆಳಕ್ಕೆ ಮುಕ್ಕಬೇಕಾದವಳು ಮೈಯೆಲ್ಲ ಬಿಗಿ ಹಿಡಿಯುತ್ತಿದ್ದಾಳೆ. ಮಗುವಿನ ಎದೆಬಡಿತ ನಿಧಾನವಾಗುತ್ತಿದೆ ಎಂದು ನರ್ಸ್ ಉಷಾರಾಣಿ ಆಂಬುಲೆನ್ಸಿಗೆ ಫೋನ್ ಮಾಡಿದ್ದಾರೆ. ಇನ್ನು ಕಾಲು ಗಂಟೆ ನೋಡಿ ಚಿತ್ರದುರ್ಗಕ್ಕೆ ಕಳಿಸುವುದಂತೆ. ಎದೆಬಡಿತ ಕೇಳಿಸುವ ಯಂತ್ರದ ಸದ್ದು ಪರದೆ ದಾಟಿ ನನಗೂ ಕೇಳುತ್ತಿದೆ. ಎರಡು ಬಡಿತದ ನಡುವೆ ತುಸು ಹೊತ್ತಾದರೂ ನಾನು ಗಡಿಯಾರ ನೋಡುತ್ತೇನೆ.

ಊಟ ಮಾಡಿದ್ದು ಯಾವಾಗ ಎಂದು ಮಲ್ಲಕ್ಕ ಒಳಗೆ ಹೋಗಿ ಆಕೆಯನ್ನು ಮೆಲ್ಲಗೆ ವಿಚಾರಿಸುತ್ತಾರೆ. ನಿನ್ನೆ ಮಧ್ಯಾಹ್ನದಿಂದ ಅರ್ಧ ಲೋಟ ಟೀ ಮಾತ್ರ. ಹೊಟ್ಟೆ ಖಾಲಿ ಇದ್ದರೆ ಹೆರುವಾಗ ಮಲ ಬರುವುದಿಲ್ಲ ಎಂದು ಆಕೆ ನಂಬಿದ್ದಾಳೆ. ಮೊದಲ ಹೆರಿಗೆಯಲ್ಲಿ, ಬೇರೆಲ್ಲೋ, ಹಾಸಿಗೆ ಹೊಲಸಾದಾಗ ಯಾರೋ ಮೂಗು ಮುಚ್ಚಿಕೊಂಡು ನಕ್ಕಿದ್ದರಂತೆ. ಇಲ್ಲಿಗೆ ಬರುವ ಎಷ್ಟೋ ಹೆಂಗಸರು ಮಾಡುವ ತಪ್ಪಿದು. ಉಪವಾಸದಿಂದ ತ್ರಾಣ ಹೋಗುತ್ತದೆ, ಮಲ ಬರುವುದು ಮಾತ್ರ ನಿಲ್ಲುವುದಿಲ್ಲ. ಮಗುವಿನ ತಲೆ ಇಳಿಯುವಾಗ ಕರುಳನ್ನು ಒತ್ತಿದರೆ ಹಾಗಾಗುವುದು ಸಹಜ ಎನ್ನುತ್ತಾರೆ ಉಷಾರಾಣಿ. ಬಾಗಿಲಲ್ಲಿ ನಿಂತ ಆಕೆಯ ಅತ್ತೆ, ಹೊಟ್ಟೆ ತೊಳೆಸುವ ಎನಿಮಾ ಕೊಡಿ ಎಂದು ಬೇಡಿಕೊಳ್ಳುತ್ತಾಳೆ. ಈಗ ಅದನ್ನು ಎಲ್ಲರಿಗೂ ಕೊಡುವ ಪದ್ಧತಿಯಿಲ್ಲ, ಹೊತ್ತಂತೂ ಮೊದಲೇ ಇಲ್ಲ.

ಚಿಕ್ಕಜಾಜೂರಿನಿಂದ ಬಂದುಹೋಗುವ ಮಲ್ಲಕ್ಕನಿಗೆ ಈ ಕೆಲಸದಲ್ಲಿ ಇಪ್ಪತ್ತನಾಲ್ಕು ವರ್ಷ. ಇನ್ನೂ ಗುತ್ತಿಗೆಯವರೇ. ಸೇರಿದ ಹೊಸತರಲ್ಲಿ ಹೆರಲು ಬಂದ ಎಲ್ಲರಿಗೂ ಸೋಪಿನ ನೀರಿನ ಎನಿಮಾ ಕೊಡುತ್ತಿದ್ದರು.

"ಇದ್ದದ್ದೊಂದೇ ಕಕ್ಕಸ್ಸು, ಅದಕ್ಕೂ ಅಗುಳಿ ಇಲ್ಲ. ಒಬ್ಬಳು ಒಳಗೋದ್ರೆ ಇನ್ನೊಬ್ಬಳು ಗೋಡೆ ಹಿಡ್ಕಂಡು ಅಳ್ತಾ ನಿಂತಿರೋಳು. ನಾನೂ ಬೈದಿದೀನಿ ಅವರ್ನ. ಈಗ ನೆನೆಸ್ಕಂಡ್ರೆ ಅನ್ನ ಸೇರಲ್ಲ," ಎಂದು ನಿನ್ನೆ ಹೇಳಿದ್ದರು.

ಸೀರೆ ತುಂಡಿನ ಉಪಾಯ ಅವರದೇ. ಪರಿಚಯದವರ ಮನೆಗಳಿಂದ ಹಳೆ ನೂಲಿನ ಸೀರೆ ಕೇಳಿ ತಂದು, ಕುದಿಸಿ, ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಹೆರುವವಳ ಕೆಳಗೆ ಹಾಸಿ, ಹೊಲಸಾದೊಡನೆ ಅವಳಿಗೆ ಕಾಣದಂತೆ ಎಳೆದು ಬೇರೆ ಹಾಸುತ್ತಾರೆ. ಒಂದು ಹೆರಿಗೆಗೆ ಎಂಟು ಹತ್ತು ತುಂಡು ಬೇಕು. ಬ್ಲೀಚಿಂಗ್ ಪುಡಿಗೆ ಬೆರಳ ಸಂದುಗಳು ಸೀಳಿವೆ. ಗಂಡ ಎತ್ತಪ್ಪ ಮೊದಮೊದಲು ಆ ಕೈಯಿಂದ ಮುದ್ದೆ ಹಾಕಿಸಿಕೊಳ್ಳುತ್ತಿರಲಿಲ್ಲವಂತೆ. ಈಗ ರಾತ್ರಿ ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚುವವರು ಅವರೇ.

ಒಳಗೆ ಮಲ್ಲಕ್ಕ ಆಕೆಗೆ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿ, ಅತ್ತೆಯನ್ನು ಹೊರಗೆ ಕಳಿಸಿ, ಕಿಟಕಿಯನ್ನು ಒಂದಿಷ್ಟು ತೆರೆಯುತ್ತಾರೆ. ನಂತರ ಅವರ ದನಿ ಕೇಳುತ್ತದೆ.

"ನನ್ನ ಮುಖ ನೋಡವ್ವ. ನಿನ್ನ ಹಿಂದೆ ನಾನು ಬಿಟ್ರೆ ಯಾರೂ ಇಲ್ಲ. ಏನು ಬಂದ್ರೂ ನನ್ನ ಕೈಗೆ ಬರ್ತದೆ. ನೀನು ಬಿಡು."

ಮತ್ತೊಂದು ನೋವು. ಬಟ್ಟೆ ಸರಕ್ಕನೆ ಎಳೆದ ಸದ್ದು, ಬಕೆಟ್ಟಿನ ಮುಚ್ಚಳದ ಸದ್ದು. ಏನದು ಎಂದು ಆಕೆ ಗಾಬರಿಯಿಂದ ಕೇಳುತ್ತಾಳೆ.

"ನೀರು ಕಣವ್ವ, ನೀರು ಹೋಯ್ತು. ಮುಕ್ಕು."

ಆಕೆ ಮುಕ್ಕುತ್ತಾಳೆ. ಮತ್ತೆ ಬಟ್ಟೆ ಎಳೆದ ಸದ್ದು. ಯಂತ್ರ ಸುಮ್ಮನಾಗುತ್ತದೆ. ನಾನು ಎದ್ದು ನಿಂತಿದ್ದೇನೆ, ಯಾಕೆಂದು ನನಗೇ ತಿಳಿಯದು. ಹೊರಗೆ ಆಂಬುಲೆನ್ಸ್ ಬಂದು ನಿಂತಿದೆ. ಆಮೇಲೆ ಮಗು ಅಳುತ್ತದೆ, ಮೊದಲು ಕ್ಷೀಣವಾಗಿ, ಮತ್ತೆ ಜೋರಾಗಿ.

ಸ್ವಲ್ಪ ಹೊತ್ತಿಗೆ ಆಕೆಯ ಸಣ್ಣ ದನಿ. "ಅಕ್ಕ, ನಾನೇನಾದ್ರೂ ಹೊಲಸು ಮಾಡ್ಕಂಡ್ನಾ?"

"ಇಲ್ಲವ್ವ. ಮಗೀನ ನೋಡು."

ಎಂಟು ಗಂಟೆಗೆ ಮಲ್ಲಕ್ಕ ಹಿಂದಿನ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ತುಂಡುಗಳನ್ನು ಒಗೆಯುತ್ತಿದ್ದಾರೆ. ಒಂಬತ್ತು ತುಂಡು. ನಿಮಗೇನು ಬೇಕು, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಕೇಳುತ್ತೇನೆ. ಸಂಬಳವನ್ನೋ ಕೆಲಸ ಕಾಯಂ ಆಗುವುದನ್ನೋ ಹೇಳುತ್ತಾರೆಂದು ಪೆನ್ನು ಹಿಡಿದು ಕಾಯುತ್ತೇನೆ. ಅವರು ಒಗೆಯುವುದನ್ನು ನಿಲ್ಲಿಸಿ, ಮೊದಲ ಬಾರಿಗೆ ಅಂಜಿದವರಂತೆ ನನ್ನನ್ನು ನೋಡುತ್ತಾರೆ. ಆ ನೋಟಕ್ಕಾಗಿಯೇ ಇಲ್ಲಿ ಆ ತಾಯಿಯ ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಮಗು ಗಂಡೋ ಹೆಣ್ಣೋ ಎಂದೂ ಬರೆದಿಲ್ಲ. ಇಷ್ಟು ಸಾಲದೇನೋ ಎಂಬ ಅಳುಕು ಇನ್ನೂ ಇದೆ.

"ನನ್ನ ಹೆಸರು ಬೇಕಾದ್ರೆ ಹಾಕ್ಕಳ್ರಿ," ಎನ್ನುತ್ತಾರೆ ಮಲ್ಲಕ್ಕ. "ಆ ಹುಡುಗಿದು ಹೆಸರು, ಊರು ಏನೂ ಬ್ಯಾಡ. ಅವಳು ಓದು ಬಂದೋಳು, ಪೇಪರ್ ಓದ್ತಾಳೆ. ಅವಳಿಗೆ ನಾನು ನೀರು ಅಂತ ಹೇಳಿದೀನಿ."